ಬಾಡಿದ ಗಿಡದ ಕುಂಡ

ಬದುವಿನ ಹುಲ್ಲು ಕೆತ್ತುತ್ತಿದ್ದಾಗ ಗುದ್ದಲಿಗೆ ಪ್ಲಾಸ್ಟಿಕ್ ಚೊಂಬೊಂದು ತಗುಲಿತು. ನೀಲಿ ಬಣ್ಣ ಮಾಸಿತ್ತು, ಬಾಯಿ ನೆಲದ ಮಟ್ಟಕ್ಕಿತ್ತು, ಒಳಗೆಲ್ಲ ಮಣ್ಣು. ಬೇರೆ ಯಾರಾದರೂ ಆಗಿದ್ದರೆ ತಿಪ್ಪೆಗೆ ಎಸೆದು ಮುಂದಕ್ಕೆ ಹೋಗುತ್ತಿದ್ದರು. ನನಗೆ ಹಳೆಯ ಸಿಟ್ಟು ನೆತ್ತಿಗೇರಿತು. ಅದು ನಮ್ಮ ಮೇಡಂ ಹೂತಿಟ್ಟಿದ್ದ ಚೊಂಬು.

ಮೇಡಂ ಅಂದರೆ ಶಿರಾದ ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಹೇಳಿಕೊಟ್ಟವರು. ಸಗಣಿ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮುಂಗಾರು ಬಿದ್ದರೆ ಸಾಕು, ಬೆಳಗಿನ ಮೊದಲ ಬಸ್ಸಿಗೆ ತಾವರೆಕೆರೆ ಕಡೆಯ ನಮ್ಮೂರಿಗೆ ಬಂದು, ನಮ್ಮ ಹೊಲದ ಬದುವಿನ ಪಕ್ಕದಲ್ಲೂ ದನ ಮೇಯುವ ಬೀಳಿನಲ್ಲೂ ಚೊಂಬುಗಳನ್ನು ಬಾಯಿಮಟ್ಟ ಹೂಳುತ್ತಿದ್ದರು. ಒಳಗೆ ಸೋಪಿನ ನೀರು. ಮೇಲೆ ಕಡ್ಡಿಗೆ ತೂಗುಬಿಟ್ಟ ಬಟ್ಟೆಯಲ್ಲಿ ಹಸಿ ಸಗಣಿ. ವಾಸನೆ ಹಿಡಿದು ಬಂದ ಹುಳ ಚೊಂಬಿಗೆ ಬೀಳುತ್ತಿತ್ತು. ಮಾರನೆಯ ದಿನ ಅವನ್ನು ಸೋಸಿ, ನಮ್ಮ ಜಗಲಿಯ ಮೇಲೆ ಕೂತು ಜಾತಿ ಜಾತಿಯಾಗಿ ಬೇರ್ಪಡಿಸುತ್ತಿದ್ದರು. ಅವ್ವ ಕೊಟ್ಟ ಕಾಫಿ ಪಕ್ಕದಲ್ಲೇ ಆರಿಹೋಗುತ್ತಿತ್ತು...

ಉಂಡೆ ಮಾಡಿ ಉರುಳಿಸಿಕೊಂಡು ಹೋಗುವ ಹುಳ ಬೇರೆ, ಸಗಣಿಯ ಅಡಿಯಲ್ಲೇ ಬಿಲ ತೋಡಿ ಒಳಕ್ಕೆಳೆಯುವ ಹುಳ ಬೇರೆ ಎಂದು ನಾನು ಕಲಿತದ್ದು ಆ ಜಗಲಿಯಲ್ಲಿ. ಆ ಬಿಲಗಳಲ್ಲಿ ಮಳೆನೀರು ಇಳಿಯುತ್ತದೆ, ಗೊಬ್ಬರ ಬೇರಿಗೆ ಮುಟ್ಟುತ್ತದೆ, ಸಗಣಿ ಬೇಗ ಮುಗಿಯುವುದರಿಂದ ನೊಣ ಹೆಚ್ಚುವುದಿಲ್ಲ. ಕೂಲಿ ಕೇಳದೆ ಇಷ್ಟು ದುಡಿಯುವ ಆಳು ಯಾರಿದ್ದಾರೆ? ಊರಿನವರು ಮಾತ್ರ ಅವರಿಗೆ ‘ಸಗಣಿ ಮೇಡಮ್ಮ’ ಎಂದು ಹೆಸರಿಟ್ಟು ಹಲ್ಲು ಕಿರಿಯುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಕಡಲೆಕಾಯಿಗೆ ಗೊಣ್ಣೆಹುಳು ಬಿತ್ತು. ಮಣ್ಣಿನೊಳಗಿದ್ದು ಬೇರು ತಿನ್ನುವ ಬಿಳಿ ಹುಳು ಅದು. ಊರಿನಲ್ಲಿ ಮಾತು ನಡೆಯುತ್ತಿದ್ದ ನಮ್ಮ ಚಿಕ್ಕಪ್ಪ ಸಗಣಿಯ ಕೆಳಗಿನ ಮಣ್ಣು ಕೆದಕಿ, ಸಗಣಿ ಹುಳದ ಮರಿ ತೆಗೆದು ತೋರಿಸಿದ. “ಇದೇ ಕಣ್ರಪ್ಪ ಬೇರು ತಿನ್ನೋದು. ತಾಯಿ ಸಗಣೀಲಿ, ಮರಿ ನಮ್ ಹೊಲ್ದಲ್ಲಿ.” ಎರಡೂ ಬಿಳಿ, ಎರಡೂ ಬಾಗಿ ಮಲಗುತ್ತವೆ, ನಿಜ. ಆದರೆ ಸಗಣಿ ಹುಳದ ಮರಿ ತನ್ನ ಉಂಡೆ ಬಿಟ್ಟು ಆಚೆ ಬರುವುದೇ ಇಲ್ಲ.

ಅದನ್ನು ತೋರಿಸಲು ಮೇಡಂ ಎರಡು ಕುಂಡಗಳಲ್ಲಿ ಕಡಲೆಕಾಯಿ ಗಿಡ ನೆಟ್ಟರು. ಒಂದಕ್ಕೆ ಗೊಣ್ಣೆಹುಳು ಬಿಟ್ಟರು, ಇನ್ನೊಂದಕ್ಕೆ ಸಗಣಿ ಹುಳದ ಮರಿಯನ್ನು ಉಂಡೆಯ ಸಮೇತ ಇಟ್ಟರು. ಮೊದಲನೆಯದು ಬಾಡಿತು, ಎರಡನೆಯದು ಹಸಿರಾಗಿ ನಿಂತಿತು. ಊರಿನವರನ್ನು ಕರೆದು ತೋರಿಸೋಣ ಎನ್ನುವಷ್ಟರಲ್ಲಿ ಚಿಕ್ಕಪ್ಪ ಬಾಡಿದ ಕುಂಡವನ್ನು ಎತ್ತಿಕೊಂಡು ಅರಳಿಕಟ್ಟೆಗೆ ಹೋಗಿಬಿಟ್ಟ.

“ನೋಡ್ರಪ್ಪ, ಮೇಡಮ್ಮನೇ ಹುಳ ಬಿಟ್ಟು ನೋಡವ್ರೆ. ಗಿಡ ಒಣಗೋಗೈತೆ. ಇನ್ನೇನ್ ಸಾಕ್ಷಿ ಬೇಕು?”

ಮೇಡಂ ಎರಡನೆಯ ಕುಂಡ ಹಿಡಿದು ಓಡಿಬಂದರು. “ಯಜಮಾನ್ರೇ, ಅದು ಬೇರೆ ಹುಳ. ಸಗಣಿ ಹುಳದ ಮರಿ ಇರೋದು ಇದರಲ್ಲಿ. ಗಿಡ ಚೆನ್ನಾಗೇ ಇದೆಯಲ್ಲ, ನೋಡಿ.”

“ಅದಕ್ಕಿನ್ನೂ ಹಸಿವಾಗಿಲ್ಲ ಬುಡಿ” ಎಂದ ಚಿಕ್ಕಪ್ಪ. ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನು ಗಂಟಲು ಹರಿಯುವಂತೆ ಕೂಗಿದೆ, ಯಾರು ಕೇಳುತ್ತಾರೆ? ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಂಜೆಯೊಳಗೆ ಬೀಳಿನ ಸಗಣಿಗೆಲ್ಲ ವಿಷದ ಪುಡಿ ಬಿತ್ತು. ಬೆಳಿಗ್ಗೆ ನೋಡಿದರೆ ಹುಳಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಮೇಡಂ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತರು. “ಎಷ್ಟು ಮಳೆಗಾಲ ಕಾದಿದ್ದೆ ಕಣಮ್ಮ...” ಎಂದರು. ಚೊಂಬುಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರು. ಬದುವಿನ ಈ ಒಂದನ್ನು ಮರೆತಿದ್ದರು ಎಂದು ಈಗ ಗೊತ್ತಾಯಿತು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಸಂಶೋಧನೆ ಅರ್ಧಕ್ಕೇ ನಿಂತಿತು ಎಂದು ಕೇಳಿದೆ. ಈಗ ಅವರೂ ಇಲ್ಲ.

ವರ್ಷವೂ ಮುಂಗಾರಿಗೆ ಸಗಣಿಗೆ ಪುಡಿ ಹಾಕುವುದು ನಮ್ಮೂರಿಗೆ ಹಬ್ಬದಷ್ಟೇ ರೂಢಿಯಾಗಿದೆ. ಬೀಳಿನ ತುಂಬ ಸಗಣಿ ಒಣರೊಟ್ಟಿಯಂತೆ ಬಿದ್ದಿರುತ್ತದೆ. ಅದರಡಿ ಹುಲ್ಲು ಬೆಳ್ಳಗಾಗಿ ಸಾಯುತ್ತದೆ.

ಚೊಂಬು ತೊಳೆದು, ಮತ್ತೆ ಬದುವಿನಲ್ಲಿ ಹೂತು, ಮೇಲೆ ನಮ್ಮ ಹಸುವಿನ ಸಗಣಿ ಕಟ್ಟಿದೆ. ನಮ್ಮ ಹಸುವಿನ ಸಗಣಿಗೆ ನಾನು ಪುಡಿ ಮುಟ್ಟಿಸುವುದಿಲ್ಲ. ಬೆಳಿಗ್ಗೆ ನೋಡಿದರೆ ಬರೀ ನೊಣ. ಕೋಲೂರಿಕೊಂಡು ಬಂದ ಚಿಕ್ಕಪ್ಪ ಬಗ್ಗಿ ನೋಡಿದ.

“ಹುಳ ಬಿದ್ದವೇನವ್ವ?”

“ಒಂದೂ ಇಲ್ಲ.”

“ಹೆಂಗ್ ಬೀಳ್ತವೆ? ಆವತ್ತು ನಾನ್ ಎಚ್ಚರ ಮಾಡಿದ್ಕೆ ಊರು ಉಳೀತು.”

ಅವನ ಬೆನ್ನ ಹಿಂದೆ ಅವನದೇ ಹೊಲದ ಕಡಲೆಕಾಯಿ ಗಿಡ ಅಲ್ಲಲ್ಲಿ ಹಳದಿಯಾಗಿ ಬಾಡಿತ್ತು. ಹೋಗಿ ಒಂದು ಗಿಡ ಎಳೆದೆ. ಬೇರಿಲ್ಲದ ಗಿಡ ಸಲೀಸಾಗಿ ಕೈಗೆ ಬಂತು. ಮಣ್ಣು ಕೆದಕಿ, ದಪ್ಪನೆಯ ಗೊಣ್ಣೆಹುಳು ಆರಿಸಿ, ಅವನ ಅಂಗೈಯಲ್ಲಿಟ್ಟೆ.

“ಇದ್ಯಾವ್ದು ಚಿಕ್ಕಪ್ಪ?”

ಕಣ್ಣಿನ ಹತ್ತಿರ ತಂದು ಹೊರಳಿಸಿ ಹೊರಳಿಸಿ ನೋಡಿದ. “ಸಗಣಿ ಹುಳದ ಮರಿ ಕಣವ್ವ, ಇನ್ಯಾವ್ದು? ಈ ಸಲ ಪುಡಿ ಸಾಲದಾಗೈತೆ” ಎಂದು ಮನೆಯ ಕಡೆ ನಡೆದ.

ಎರಡನೆಯ ಕುಂಡ ಹಿಡಿದು ಓಡಿಬರಲು ಮೇಡಂ ಇರಲಿಲ್ಲ.