ಕುಡಿದವನ ಇಂಗ್ಲಿಷಿಗೆ ಈರಣ್ಣನ ಕನ್ನಡ

ಮೈಮೇಲೆ ದೇವರು ಬಂತು, ಕನಸಲ್ಲಿ ಕಂಡಿದ್ದು ಮರುದಿನ ನಡೀತು, ಇಂಥ ಕತೆಗಳನ್ನು ಯಾರಾದರೂ ಶುರು ಮಾಡಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ಈಗ ನಂಬುತ್ತೇನೆ ಅಂತ ಹೇಳಲಾರೆ. ನಗುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಅದಕ್ಕೆ ಕಾರಣ ಲಗ್ಗೆರೆಯ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಒಂದು ಶನಿವಾರ ಮಧ್ಯಾಹ್ನ ನಡೆದದ್ದು. ಕತ್ತಲೆ ಇರಲಿಲ್ಲ, ಮೌನವೂ ಇರಲಿಲ್ಲ. ಪಕ್ಕದಲ್ಲೇ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ ಅದು. ನಾನು ವಿಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಓದಿದ್ದೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಕಲಿತದ್ದು ಸಿನಿಮಾ ನೋಡಿ, ನಿಲ್ಲಿಸಿ, ಹಿಂದಕ್ಕೆ ಎಳೆದು ಮತ್ತೆ ನೋಡಿ. ಆರ್‌ಪಿಸಿ ಲೇಔಟಿನಲ್ಲಿ ಗೆಳೆಯ ಮಂಜನ ಮನೆಯ ಟೆರೇಸ್ ರೂಮಿನಲ್ಲಿ ನಾವು ಒಂಬತ್ತು ಜನ ಎರಡು ವಾರಕ್ಕೊಮ್ಮೆ ಸೇರಿ ಸಿನಿಮಾ ನೋಡುತ್ತಿದ್ದೆವು. ಎಲ್ಲವೂ ಇಂಗ್ಲಿಷ್. ಅರ್ಧ ಜನಕ್ಕೆ ಅರ್ಧ ಅರ್ಥವಾಗುತ್ತಿತ್ತು, ಆದರೆ ಎಲ್ಲರೂ ತಲೆ ಆಡಿಸುತ್ತಿದ್ದರು. ನಾನೂ ಆಡಿಸುತ್ತಿದ್ದೆ. ಒಂದು ದಿನ ತಡೆಯಲಾರದೆ, ಮುಂದಿನ ಚಿತ್ರಕ್ಕೆ ಕೆಳಗಡೆ ಕನ್ನಡ ಸಾಲು ಹಾಕಿಕೊಂಡು ಬರುತ್ತೇನೆ ಅಂದುಬಿಟ್ಟೆ.

ಮುಂದಿನ ಚಿತ್ರ ಐರ್ಲೆಂಡಿನ ಒಬ್ಬ ರಾಕ್ ಗಾಯಕನ ಬಗ್ಗೆ ತೆಗೆದ ಸಾಕ್ಷ್ಯಚಿತ್ರ. ತಾನೇ ಹಾಡು ಕಟ್ಟಿ ಹಾಡುತ್ತಿದ್ದವನು, ಹಾಡಿದ್ದಕ್ಕಿಂತ ಹೆಚ್ಚು ಕುಡಿದವನು. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

"ರಾಕ್ ಸಂಗೀತಕ್ಕೆ ಕನ್ನಡಾನಾ? ಯಾರ್ ಗುರು ಓದ್ತಾರೆ?" ಅಂದ ಮಂಜ.

"ನಾನ್ ಓದ್ತೀನಿ."

"ಸರಿ ಮಗಾ, ತಗೊಂಬಾ. ಆದ್ರೆ ಗೊತ್ತಾಗದ ಕಡೆಯೆಲ್ಲಾ ಚುಕ್ಕಿ ಚುಕ್ಕಿ ಹಾಕ್ಕೊಂಡ್ ಬಂದ್ರೆ ನಡಿಯಲ್ಲ. ಪೂರ್ತಿ ತಂದ್ರೆ ಇನ್ಮೇಲೆ ಎಲ್ಲಾ ಪಿಚ್ಚರ್‌ಗೂ ಕನ್ನಡ. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಟ್ಬಿಡ್ಬೇಕು."

ಒಪ್ಪಿಕೊಂಡೆ. ಒಂದು ಸಾಲನ್ನೂ ಖಾಲಿ ಬಿಡುವುದಿಲ್ಲ ಅಂತ ಹಟ ಹಿಡಿದು ಕೂತೆ. ಹದಿಮೂರು ದಿನ, ಅಂಗಡಿಗೆ ಹೋಗುವ ಮುಂಚೆ, ಬಂದ ಮೇಲೆ. ಯಾವ ಮಾತು ಯಾವ ಸೆಕೆಂಡಿಗೆ ಬರಬೇಕು, ಯಾವಾಗ ಹೋಗಬೇಕು ಅನ್ನುವುದನ್ನು ಒಂದೊಂದಾಗಿ ಬರೆಯಬೇಕು. ಮೊದಲ ಸಲ ಹಾಕಿದಾಗ ಕನ್ನಡ ಅಕ್ಷರದ ಬದಲು ಬರೀ ಪುಟ್ಟ ಪುಟ್ಟ ಚೌಕಗಳು ಕಾಣಿಸಿದವು. ಅದಕ್ಕೆ ಮೂರು ದಿನ ಹೋಯಿತು. ಅದೂ ಸರಿಹೋಯಿತು. ಉಳಿದದ್ದು ಒಂದೇ ದೃಶ್ಯ, ಸುಮಾರು ಆರು ನಿಮಿಷದ್ದು.

ಆ ದೃಶ್ಯದಲ್ಲಿ ಗಾಯಕ ಒಂದು ಅಡುಗೆಮನೆಯಲ್ಲಿ ಕೂತಿದ್ದಾನೆ. ನಾಲ್ಕು ವರ್ಷದಿಂದ ಯಾಕೆ ಒಂದೂ ಹಾಡು ಬರೆದಿಲ್ಲ ಅಂತ ಚಿತ್ರ ತೆಗೆಯುವವನು ಕೇಳುತ್ತಾನೆ. ಇವನು ಉತ್ತರ ಕೊಡುತ್ತಾನೆ, ಆದರೆ ಕಂಠಮಟ್ಟ ಕುಡಿದಿದ್ದಾನೆ. ಮಾತು ಬಾಯೊಳಗೇ ಉರುಳಾಡುತ್ತದೆ. ಇಡೀ ಚಿತ್ರದ ಜೀವ ಅಲ್ಲೇ ಇದೆ ಅಂತ ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಒಂದು ಪದವೂ ಹಿಡಿಯಲಿಲ್ಲ. ಕಾನ್ವೆಂಟಿನಲ್ಲಿ ಓದಿದ ಮಂಜನಿಗೆ ಫೋನಿನಲ್ಲೇ ಕೇಳಿಸಿದೆ. "ಇದು ಇಂಗ್ಲಿಷೇ ಅಲ್ಲ ಕಣೋ" ಅಂದ.

ಶನಿವಾರ ಬಂತು. ಪ್ರದರ್ಶನ ಭಾನುವಾರ ಸಂಜೆ. ಆ ಆರು ನಿಮಿಷವನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

"ಬೆಳಗ್ಗಿಂದ ಆ ಕುಡುಕನ ಮುಖ ನೋಡ್ಕೊಂಡ್ ಕೂತಿದ್ದೀಯಲ್ಲೋ. ಬೀದೀಲಿ ಇಲ್ವಾ ಅಂಥೋರು?" ಅಂದಳು ಅಮ್ಮ.

ಬೀದಿಯಲ್ಲೇಕೆ, ನಮ್ಮ ಮಹಡಿಯ ಶೀಟಿನ ರೂಮಿನಲ್ಲೇ ಒಬ್ಬರಿದ್ದರು. ಈರಣ್ಣ. ಗದಗದ ಕಡೆಯವರು, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ಒಬ್ಬರೇ ಇದ್ದರು. ದಿನಾ ಕುಡಿಯುತ್ತಿದ್ದರು, ಆದರೆ ಯಾರ ತಂಟೆಗೂ ಹೋದವರಲ್ಲ. ಕನ್ನಡದಲ್ಲಿ ಸಹಿ ಮಾಡುವಷ್ಟು ಓದು. ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡನ್ನೂ ನನ್ನ ಹತ್ತಿರ ಕೇಳಿ ತಿಳಿದುಕೊಳ್ಳುತ್ತಿದ್ದರು. ಆ ಮಧ್ಯಾಹ್ನ ಸಂಪಿನಿಂದ ನೀರು ತುಂಬಿಕೊಂಡು ಹೋಗುತ್ತಿದ್ದವರು ನಮ್ಮ ಕಿಟಕಿಯ ಹತ್ತಿರ ನಿಂತು ಕಂಪ್ಯೂಟರಿನ ಪರದೆ ನೋಡಿದರು. ನೋಡುತ್ತಾ ನೋಡುತ್ತಾ ಜೋರಾಗಿ ನಕ್ಕರು.

ಅವರು ನಕ್ಕ ಮೇಲೆ ಚಿತ್ರದಲ್ಲಿ ಗಾಯಕನ ಸುತ್ತ ಇದ್ದ ಜನ ನಕ್ಕರು. ಈ ಕ್ರಮವನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ. ಮೊದಲು ಈರಣ್ಣ, ಆಮೇಲೆ ಅವರು.

"ಯಾಕಣ್ಣ ನಕ್ಕಿದ್ದು?"

"ಅವನ ಮಾತ್ ಕೇಳಿ. 'ನೀ ಟೈಮಿಗೆ ಸರಿಯಾಗಿ ಬರೋ ಮನಷ್ಯಾ, ನಿನಗ ಹಾಡು ಹ್ಯಾಂಗ್ ಬರತೈತಿ' ಅಂದ ಅಲ್ಲ."

"ನಿಮಗೆ ಹೆಂಗ್ ಗೊತ್ತಾಯ್ತು?"

"ಕುಡದು ಮಾತಾಡಾಕತ್ತಾನ. ಅದರಾಗ ತಿಳೀದಂಥಾದ್ದು ಏನೈತಿ ತಮ್ಮಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಪರೀಕ್ಷೆ ಮಾಡೋಣ ಅಂತ ಅದೇ ಗಾಯಕ ಕುಡಿಯದೆ, ಶುದ್ಧವಾಗಿ ಮಾತಾಡುವ ಇನ್ನೊಂದು ಭಾಗ ಹಾಕಿದೆ. ಈರಣ್ಣ ಸ್ವಲ್ಪ ಹೊತ್ತು ಕೇಳಿ ತಲೆ ಅಲ್ಲಾಡಿಸಿದರು.

"ಇದು ಇಂಗ್ಲಿಷ್ ಐತಿ. ನನಗ ಬರಂಗಿಲ್ಲ."

ಅಮ್ಮ ಅವರೆಕಾಯಿ ಬಿಟ್ಟು ಕಿಸಕ್ಕೆಂದು ನಕ್ಕಳು. ನನಗೆ ನಗು ಬರಲಿಲ್ಲ. ಬೇರೆ ದಾರಿ ಇರಲಿಲ್ಲ ಅನ್ನುವುದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಅವರು ಹೇಳುವುದನ್ನು ಕೇಳಲೇಬೇಕು ಅನ್ನಿಸಿತು. ಒಳಗೆ ಕರೆದೆ. ಅವರು ಬಿಂದಿಗೆಯನ್ನು ಬಾಗಿಲಲ್ಲಿಟ್ಟು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತರು. ನಾನು ಒಂದೊಂದು ಮಾತಿಗೂ ನಿಲ್ಲಿಸಿದೆ, ಅವರು ಹೇಳಿದರು, ನಾನು ಟೈಪ್ ಮಾಡಿದೆ. ಯೋಚನೆ ಮಾಡಿ ಹೇಳುವವರ ಹಾಗಿರಲಿಲ್ಲ ಅವರು. ಪಕ್ಕದ ಮನೆಯವರು ಹೇಳಿ ಕಳಿಸಿದ್ದನ್ನು ಒಪ್ಪಿಸುವವರ ಹಾಗಿದ್ದರು.

ಅವರ ಬಾಯಲ್ಲಿ ಗಾಯಕ ಹೇಳಿದ್ದು ಇಷ್ಟು. ಚಿಕ್ಕಂದಿನಲ್ಲಿ ಅವನ ಮನೆಯ ಗಡಿಯಾರ ಹನ್ನೊಂದು ನಿಮಿಷ ಮುಂದೆ ಓಡುತ್ತಿತ್ತು. ಅಪ್ಪ ಅದನ್ನು ಸರಿಮಾಡಿಸಲೇ ಇಲ್ಲ. ದಿನಾ ಹನ್ನೊಂದು ನಿಮಿಷ ಮೊದಲೇ ಸ್ಕೂಲಿಗೆ ಹೋಗಿ ಮುಚ್ಚಿದ ಗೇಟಿನ ಮುಂದೆ ಒಬ್ಬನೇ ನಿಲ್ಲುತ್ತಿದ್ದ. ಅಲ್ಲಿ ಮಾಡಲಿಕ್ಕೆ ಏನೂ ಇಲ್ಲದೆ ಗುನುಗುತ್ತಿದ್ದ. ಅವನ ಹಾಡೆಲ್ಲ ಆ ಹನ್ನೊಂದು ನಿಮಿಷದಲ್ಲಿ ಹುಟ್ಟಿದ್ದು. ಈಗ ಎಲ್ಲ ಕಡೆ ಅವನಿಗಾಗಿ ಕಾದು ನಿಂತಿರುತ್ತಾರೆ, ಅವನೇ ತಡ. ಇನ್ನು ಹಾಡು ಎಲ್ಲಿಂದ ಬರಬೇಕು.

ದೃಶ್ಯದ ಕೊನೆಗೆ ಅವನು ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಏನೋ ಅನ್ನುತ್ತಾನೆ. ಮೂರು ಸೆಕೆಂಡು. ಅಲ್ಲಿ ಈರಣ್ಣ ಸುಮ್ಮನಾದರು. ಮತ್ತೆ ಹಾಕಿದೆ.

"ಕೇಳಿಸ್ಲಿಲ್ವಾ ಅಣ್ಣ?"

"ಕೇಳಿಸ್ತು. ಅದನ್ನ ಬಿಡು ತಮ್ಮಾ. ಅದು ನಿನಗ ಹೇಳಿದ್ದಲ್ಲ."

"ಒಂದೂ ಸಾಲು ಖಾಲಿ ಬಿಡಲ್ಲ ಅಂತ ಮಾತ್ ಕೊಟ್ಟಿದ್ದೀನಿ. ಹೇಳಿ."

ನಾನು ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ಎದ್ದು ಹೋಗಿ ಬಿಂದಿಗೆ ಎತ್ತಿಕೊಂಡು, ನನ್ನ ಕಡೆ ನೋಡದೆ ಹೇಳಿದರು.

"'ಬಂದ್ ಮಾಡ್ರಿ ಇದನ್ನ. ನನ್ನ ಮಗಳು ನೋಡ್ತಾಳ' ಅಂದ."

ಟೈಪ್ ಮಾಡಿದೆ.

ಭಾನುವಾರ ಪ್ರದರ್ಶನ ಆಯಿತು. ಒಂದೂ ಚುಕ್ಕಿ ಇರಲಿಲ್ಲ. ದೀಪ ಹಾಕಿದ ಮೇಲೆ ಮಂಜ ಕೇಳಿದ, "ಇವನಿಗೆ ಮಗಳಿದ್ದಾಳಾ? ಪಿಚ್ಚರ್‌ನಲ್ಲಿ ಎಲ್ಲೂ ಬರಲ್ವಲ್ಲ." ನಾನು "ಇದಾಳೆ" ಅಂದೆ. ನನಗೆ ಗೊತ್ತಿರಲಿಲ್ಲ. ಆ ಸಾಲು ಎಲ್ಲಿಂದ ಬಂತು ಅಂತ ಹೇಳುವ ಧೈರ್ಯವೂ ಇರಲಿಲ್ಲ. ಅಂದಿನಿಂದ ನಮ್ಮ ಎಲ್ಲ ಚಿತ್ರಗಳಿಗೂ ಕನ್ನಡ ಬಂತು. ನಾನು ಗೆದ್ದೆ. ಆದರೆ ಇಂಗ್ಲಿಷ್ ಬಾರದ ಒಬ್ಬರ ಮಾತನ್ನು ಇನ್ನೊಬ್ಬನ ಬಾಯಿಗೆ ತುಂಬಿ ಗೆದ್ದೆ ಅನ್ನುವುದು ಒಳಗೆ ಚುಚ್ಚುತ್ತಲೇ ಇತ್ತು. ಆ ಗಡಿಯಾರವೂ ಮಗಳೂ ಪೂರ್ತಿ ಸುಳ್ಳಲ್ಲ, ಈರಣ್ಣನವರದೇ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯುಗಾದಿಯ ಹೊತ್ತಿಗೆ ಅವರು ರೂಮು ಖಾಲಿ ಮಾಡಿ ಊರಿಗೆ ಹೋದರು. ಕೇಳುವುದಕ್ಕೆ ಆಗಲೇ ಇಲ್ಲ.

ಮೂರು ವರ್ಷದ ಮೇಲೆ ಮಂಜನ ಆಫೀಸಿನವರೊಬ್ಬರು ಹೊರದೇಶದಿಂದ ಆ ಚಿತ್ರದ ಅಸಲಿ ಡಿಸ್ಕ್ ತಂದರು. ಅದರಲ್ಲಿ ಕಿವಿ ಕೇಳಿಸದವರಿಗಾಗಿ ಇಂಗ್ಲಿಷ್ ಸಾಲುಗಳಿದ್ದವು. ಮನೆಗೆ ತಂದು ನೇರವಾಗಿ ಆ ಅಡುಗೆಮನೆಗೆ ಹೋದೆ. ನನ್ನ ತಪ್ಪನ್ನು ತಿದ್ದಿಯೇ ಏಳುವುದು ಅಂತ ನಿರ್ಧಾರ ಮಾಡಿದ್ದೆ. ತಿದ್ದಲು ಏನೂ ಇರಲಿಲ್ಲ. ಗಡಿಯಾರ ಇತ್ತು. ಹನ್ನೊಂದು ನಿಮಿಷ ಇತ್ತು. ಮುಚ್ಚಿದ ಗೇಟು ಇತ್ತು. ಟೈಮಿಗೆ ಸರಿಯಾಗಿ ಬರುವ ಮನುಷ್ಯನಿಗೆ ಹಾಡು ಹೇಗೆ ಬರುತ್ತದೆ ಅನ್ನುವ ಚೇಷ್ಟೆಯೂ, ಚಿತ್ರದೊಳಗಿನವರು ನಗುವ ಮುಂಚೆಯೇ, ಇತ್ತು. ಅಮ್ಮನನ್ನು ಕರೆದು ತೋರಿಸಿದೆ. "ಅವತ್ತೇ ಹೇಳಿದ್ನಲ್ಲೋ ಈರಣ್ಣ" ಅಂದು ಅವಳು ಒಳಗೆ ಹೋದಳು.

ಕೊನೆಯ ಆ ಮೂರು ಸೆಕೆಂಡಿಗೆ ಮಾತ್ರ ಇಂಗ್ಲಿಷಿನವರು 'ಮಾತು ಸ್ಪಷ್ಟವಿಲ್ಲ' ಅಂತ ಹಾಕಿ ಕೈಬಿಟ್ಟಿದ್ದರು. ಚಿತ್ರದ ಕೊನೆಯಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿದ್ದ ನಮ್ಮ ಹಳೆಯ ಕಾಪಿಯಲ್ಲಿ ಇಲ್ಲದ ಹೆಸರುಗಳ ಪಟ್ಟಿಯಲ್ಲಿ, ಗಾಯಕನ ಮನೆತನದ ಹೆಸರಿರುವ ಒಬ್ಬ ಹೆಣ್ಣುಮಗಳಿಗೆ ಕೃತಜ್ಞತೆ ಹೇಳಿದ್ದಾರೆ. ಮಗಳೋ, ತಂಗಿಯೋ, ಹೆಂಡತಿಯೋ, ಬರೆದಿಲ್ಲ.

ಇದನ್ನು ಹೇಗೆ ವಿವರಿಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಈರಣ್ಣ ಮೊದಲೇ ಆ ಚಿತ್ರ ನೋಡಿದ್ದರು ಅನ್ನಲೇ? ಎಲ್ಲಿ, ಯಾವಾಗ? ಕಾಕತಾಳೀಯ ಅನ್ನಲೇ? ಆರು ನಿಮಿಷದ ಉದ್ದಕ್ಕೂ? ನೀವು ಏನಾದರೂ ಹೇಳಿದರೆ ಕೇಳುತ್ತೇನೆ, ನಗುವುದಿಲ್ಲ.

ಹೊಸ ಡಿಸ್ಕಿಗೆ ಸರಿಹೊಂದುವ ಹಾಗೆ ಎಲ್ಲ ಸಾಲುಗಳನ್ನೂ ಮತ್ತೆ ಕೂರಿಸಿದೆ. ಅದೇ ಹಟ, ಅದೇ ಹದಿಮೂರು ದಿನ. ಆ ಮೂರು ಸೆಕೆಂಡು ಬಂದಾಗ ಕೈ ನಿಂತಿತು. ಅವನು ಬಂದ್ ಮಾಡಿ ಅಂದಿದ್ದ. ಈರಣ್ಣ ಬಿಡು ಅಂದಿದ್ದರು. ಇಬ್ಬರ ಮಾತನ್ನೂ ಮೀರಿ ಉಳಿದ ಎಂಟು ಜನಕ್ಕೆ ಓದಿಸಿದವನು ನಾನು. ಅವನ ಹೆಸರನ್ನು ಇಲ್ಲಿ ಬರೆಯದೆ ಇರುವುದೂ ಅದಕ್ಕೇ.

ಆ ಸಾಲನ್ನು ಅಳಿಸಿದೆ. ಈಗ ನೋಡುವವರು ಅಲ್ಲಿ ನನಗೆ ಮಾತು ಅರ್ಥವಾಗಲಿಲ್ಲ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.