ಗಾಜಿನ ಬಳೆ ಮತ್ತು ನನ್ನ ಭಾಷಣ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದು ಕಾಯಿಲ್ ಸುತ್ತಿಸುವ ಕೆಲಸ ಶುರುಮಾಡಿದೆ. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಬೆರಳುದ್ದದ ಬಾಬಿನ್ನಿನ ಮೇಲೆ ಸಾವಿರಾರು ಸುತ್ತು ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಿ, ಒಂದು ದೊಡ್ಡ ಕಾರ್ಖಾನೆಗೆ ಕೊಡುತ್ತಿದ್ದೆವು. ಕೆಲಸಕ್ಕೆ ಹನ್ನೊಂದು ಜನ ಹೆಂಗಸರಿದ್ದರು.

ಮೊದಲ ವರ್ಷವೆಲ್ಲ ತಂತಿ ತುಂಡಾಗುವುದೇ ತೊಂದರೆ. ಒಮ್ಮೆ ತುಂಡಾದರೆ ಆ ಕಾಯಿಲ್ ಕಸಕ್ಕೆ. ನಾನು ಮೆಷಿನ್ನಿನ ವೇಗ ತಗ್ಗಿಸಿದೆ, ತಂತಿ ಕೊಡುವವರನ್ನು ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಕೆಲಸದವರಲ್ಲಿ ಸುಂಕದಕಟ್ಟೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವರು, ಓದಿದ್ದು ಮೂರನೇ ಕ್ಲಾಸು. ಒಂದು ಬೆಳಿಗ್ಗೆ ನೋಡಿದರೆ, ಅವರು, ಯಾವಾಗಲೂ ಅಡ್ಡ ಮಲಗಿರುತ್ತಿದ್ದ ತಂತಿಯ ರೀಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಒಂದು ಹಸಿರು ಗಾಜಿನ ಬಳೆಯನ್ನು ದಾರದಲ್ಲಿ ತೂಗುಹಾಕಿ, ತಂತಿಯನ್ನು ಆ ಬಳೆಯೊಳಗಿನಿಂದ ಎಳೆದುಕೊಳ್ಳುತ್ತಿದ್ದರು.

"ಇದೇನಮ್ಮಾ?" ಎಂದೆ.

"ರೀಲು ಮಲಗಿದ್ರೆ ತಂತಿನೇ ಅದನ್ನ ಎಳೆದು ತಿರುಗಿಸ್ಬೇಕು ಸಾರ್, ಅದಕ್ಕೆ ಕಿತ್ಕೊಳ್ಳುತ್ತೆ. ನಿಲ್ಸಿದ್ರೆ ಸುಮ್ನೆ ಮೇಲಿಂದ ಬಿಚ್ಕೊಂಡ್ ಬರುತ್ತೆ. ಬಳೆ ನುಣ್ಣಗಿದೆ, ತರಚಲ್ಲ."

ಒಂದು ವಾರದಲ್ಲಿ ಹನ್ನೊಂದು ಮೆಷಿನ್ನಿಗೂ ಬಳೆ ಬಂತು. ತಂತಿ ತುಂಡಾಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆರ್ಡರ್ ಬೆಳೆಯಿತು, ಪಕ್ಕದ ಶೆಡ್ಡನ್ನೂ ಹಿಡಿದೆ, ಸ್ಕೂಟರ್ ಕೊಂಡೆ. ಎರಡು ವರ್ಷದ ಮೇಲೆ ಸಣ್ಣ ಉದ್ದಿಮೆಯವರ ಸಭೆಯೊಂದರಲ್ಲಿ ನನಗೆ ಶಾಲು ಹೊದಿಸಿದರು. ನಮ್ಮ ಹೆಂಗಸರೂ ನೋಡಲಿ ಎಂದು ವ್ಯಾನ್ ಮಾಡಿ ಕರೆಸಿದ್ದೆ. ಗೆಲುವಿನ ಗುಟ್ಟೇನು ಎಂದು ಕೇಳಿದಾಗ ಮೈಕಿನ ಮುಂದೆ ಹೇಳಿದೆ: "ತಂತಿ ಯಾಕೆ ತುಂಡಾಗುತ್ತೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಗಾಜಿನ ಬಳೆ ಸಾಕು ಅಂತ ಹೊಳೀತು."

ಯಾರಿಗೆ ಹೊಳೆಯಿತು ಎಂದು ಹೇಳಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದೂ ಆಗ ಅನ್ನಿಸಲಿಲ್ಲ. ಎಲ್ಲ ಮೆಷಿನ್ನಿಗೂ ಬಳೆ ಹಾಕಿಸಿದವನು ನಾನೇ ತಾನೆ ಎಂದುಕೊಂಡಿದ್ದೆ. ಜನ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಆಕೆಯೂ ತಟ್ಟಿದರು.

ಕೆಲವು ತಿಂಗಳ ಮೇಲೆ ಕಾರ್ಖಾನೆಯಿಂದ ಒಂದು ಇಡೀ ಲಾಟು ವಾಪಸ್ ಬಂತು. ವಾರ್ನಿಶ್ ಒಣಗದೆ ಕಾಯಿಲ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆಕೆಯನ್ನು ಕೇಳಿದೆ.

"ಹೊಸ ಡಬ್ಬದ ವಾಸ್ನೆನೇ ಬೇರೆ ಇತ್ತು ಸಾರ್. ಮಾರನೇ ದಿನಕ್ಕೂ ಬೆರಳಿಗೆ ಅಂಟ್ತಿತ್ತು. ಎಲ್ರಿಗೂ ಗೊತ್ತಿತ್ತು."

"ಮತ್ತೆ ನನಗೆ ಹೇಳ್ಬಾರ್ದಿತ್ತಾ?"

"ನೀವೇ ಎಲ್ಲಾ ಯೋಚ್ನೆ ಮಾಡ್ತೀರಲ್ಲ ಸಾರ್. ಇದನ್ನೂ ನೋಡ್ಕೊಂಡಿರ್ತೀರ ಅಂದ್ಕೊಂಡ್ವಿ."

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಮರೆತುಬಿಡುತ್ತಿದ್ದೆನೇನೋ.

ಮಾರನೇ ದಿನ ಅವರನ್ನು ಕರೆದುಕೊಂಡು ಬಸ್ಸಿನಲ್ಲಿ ಆ ಕಾರ್ಖಾನೆಗೆ ಹೋದೆ. ಆ ಸಭೆಗೂ ಬಂದಿದ್ದ ಅಲ್ಲಿನ ಎಂಜಿನಿಯರಿಗೆ, ಬಳೆ ಕಟ್ಟಿದ್ದು ಇವರು, ಸಭೆಯಲ್ಲಿ ನಾನು ಹೇಳಿದ್ದು ಸರಿಯಲ್ಲ, ವಾರ್ನಿಶ್ ವಿಷಯವನ್ನೂ ಇವರನ್ನೇ ಕೇಳಿ ಎಂದೆ. ಎಂಜಿನಿಯರಿಗೆ ಬಳೆಯ ಕಥೆ ಬೇಕಿರಲಿಲ್ಲ, ಮಾಲು ಯಾವಾಗ ಬರುತ್ತದೆ ಎಂಬುದು ಬೇಕಿತ್ತು. ಆಕೆ ಸೆರಗು ಹೊದ್ದು ನಿಂತು ಎರಡೇ ಮಾತಿನಲ್ಲಿ ಉತ್ತರ ಹೇಳಿದರು. ನಾನು ದೊಡ್ಡ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ವಾಪಸ್ ಬಸ್ಸು ಹತ್ತಿದೆ.

ಇಳಿಯುವ ಮುಂಚೆ ಅವರು ಹೇಳಿದರು: "ಅಲ್ಲಿ ಹೇಳಿದ್ರಿ, ಒಳ್ಳೇದು. ಶೆಡ್ಡಲ್ಲೂ ಹೇಳ್ಬಿಡಿ ಸಾರ್. ಅವತ್ತು ವ್ಯಾನಲ್ಲಿ ಬಂದು ಕೇಳಿಸ್ಕೊಂಡೋರು ಅವ್ರು."

ಆ ಹೆಂಗಸರ ಮುಂದೆ ನಿಂತು ಅದನ್ನು ಹೇಳುವುದು ಆ ಮೈಕಿನ ಮುಂದೆ ಮಾತಾಡಿದ್ದಕ್ಕಿಂತ ಕಷ್ಟವಾಯಿತು. ಹೇಳಿ ಮುಗಿಸಿದೆ. ಮೆಷಿನ್ನುಗಳ ಸದ್ದು ಮತ್ತೆ ಶುರುವಾಯಿತು.

ಆಕೆಯನ್ನು ಸೂಪರ್‌ವೈಸರ್ ಮಾಡಿದೆ. ಅಷ್ಟಕ್ಕೇ ಎಲ್ಲರೂ ಬಾಯಿ ಬಿಡುತ್ತಾರೆ ಎಂದುಕೊಂಡಿದ್ದು ತಪ್ಪು. ಶನಿವಾರ ಶನಿವಾರ ಶೆಡ್ಡಿನ ನಡುವೆ ನಿಂತು ತೊಂದರೆ ಏನಾದರೂ ಇದೆಯಾ ಎಂದು ಕೇಳುತ್ತಿದ್ದೆ. "ಎಲ್ಲಾ ಸರಿ ಇದೆ ಸಾರ್" ಎನ್ನುತ್ತಿದ್ದರು. ನಾಲ್ಕು ತಿಂಗಳು ಹೀಗೇ ಹೋಯಿತು. ಆಮೇಲೊಂದು ಶನಿವಾರ, ಕಿಟಕಿ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದರು:

"ಕಕ್ಕಸಿನ ಚಿಲಕ ಬೀಳಲ್ಲ ಸಾರ್. ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಬಾಗಿಲು ಹಿಡ್ಕೊಂಡು ನಿಂತ್ಕೋಬೇಕು."

"ಎಷ್ಟು ದಿನದಿಂದ?"

"ನಾನು ಸೇರ್ದಾಗ್ಲಿಂದ್ಲೂ ಹಂಗೇ ಐತೆ."

ಅವರು ಸೇರಿ ಮೂರು ವರ್ಷವಾಗಿತ್ತು. ನಾನು ಬಡಗಿಯನ್ನು ಕರೆತರಲು ಹೊರಟೆ.