ಚಹಾ ಜಾಲರಿಯ ಮೇಲೆ ಉಳಿದದ್ದು

ಆಫೀಸಿನ ಕಾಫಿ ಮೆಷೀನಿಗೆ ಯಾರೋ ವಿನೆಗರ್ ಸುರಿದಿದ್ದರು. ಒಳಗೆ ಕಟ್ಟಿಕೊಂಡಿದ್ದ ಸುಣ್ಣ ಬುಸ್ಸೆಂದು ನೊರೆಯಾಗುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನು ಮಾತ್ರ ಮೂಸುತ್ತ ನಿಂತೆ. ಆ ಹುಳಿ ವಾಸನೆಯ ಹಿಂದೆಯೇ ಅಮೆರಿಕದ ಶ್ಯಾಂಟಿಲಿ ಊರಿನ ಒಂದು ಗರಾಜು ಬಂತು, ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಬಂದರು...

ಅಂಕಲ್ ಹುಬ್ಬಳ್ಳಿ ಕಡೆಯವರು. ಸೊರಗಿದ ಎಣ್ಣೆ ಬಾವಿಗಳಿಗೆ, ಒಳಗೆ ಕಟ್ಟಿದ್ದನ್ನು ಕರಗಿಸುವ ಆ್ಯಸಿಡ್ ಮದ್ದು ಬರೆಯುವುದು ಅವರ ಕೆಲಸ. ರೋಗಿಗಳು ಟೆಕ್ಸಾಸಿನಲ್ಲಿ, ಡಾಕ್ಟರು ಶ್ಯಾಂಟಿಲಿಯ ಕ್ಯೂಬಿಕಲ್ಲಿನಲ್ಲಿ. "ಬಾವಿ ಸತ್ತಿಲ್ಲೋ ತಮ್ಮಾ, ಗಂಟಲಾ ಕಟ್ಟೈತಿ" ಎನ್ನುತ್ತಿದ್ದರು. ಅದನ್ನೇ ನಾನು ಯುಗಾದಿ ಕಾರ್ಯಕ್ರಮದಲ್ಲಿ, ಅವರು ಮೊದಲ ಸಾಲಿನಲ್ಲಿ ಕೂತಿರುವಾಗಲೇ, ಅವರ ಧಾಟಿಯಲ್ಲಿ, ಅವರಂತೆಯೇ ಪರೀಕ್ಷೆಯ ಬಾಟಲಿ ಕುಲುಕುತ್ತ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ನನ್ನ ಸ್ವಂತ ಧ್ವನಿಗೆ ಈವರೆಗೆ ಒಂದೂ ಬಿದ್ದಿಲ್ಲ. ಅವರೂ ನಕ್ಕರು. ಆಮೇಲೆ ಹತ್ತಿರ ಕರೆದು, "ಬಾಟಲಿ ಕುಲುಕೂದು ತಪ್ಪಾತು. ಹಂಗಲ್ಲ, ನಿಧಾನ" ಎಂದು ತಿದ್ದಿದರು.

ಬಾಟಲಿ ಅವರಿಗೆ ವ್ರತದಂತೆ. ಬಾವಿಯ ಎಣ್ಣೆಗೆ ಆ್ಯಸಿಡ್ ಬೆರೆಸಿ, ಕುಲುಕಿ, ಬಿಸಿನೀರಿನಲ್ಲಿಟ್ಟು ಕಾಯ್ದು ಸೋಸಬೇಕು. ಜಾಲರಿಯ ಮೇಲೆ ಏನೂ ಉಳಿಯದಿದ್ದರೆ ಮದ್ದು ಸರಿ. ಗಡ್ಡೆ ಉಳಿದರೆ, ಅಂಥದೇ ಗಡ್ಡೆ ಬಾವಿಯೊಳಗೂ ಕೂತು ಇದ್ದ ದಾರಿಯನ್ನೂ ಮುಚ್ಚುತ್ತದೆ.

ಆ ವರ್ಷ ಕಂಪನಿ ತನ್ನ ಲ್ಯಾಬ್ ಮುಚ್ಚಿತು. ಒಂದು ಬಾವಿಗೆ ಟ್ರಕ್ಕು, ಜನ ಎಲ್ಲ ಹೊರಟು ನಿಂತಿತ್ತು. ಬಾಕಿ ಇದ್ದದ್ದು ಮದ್ದು ಸರಿಯಿದೆ ಎಂಬ ಅಂಕಲ್ ಸಹಿ. ಅವರು ಗರಾಜಿನಲ್ಲೇ ಬಾಟಲಿ ಕುಲುಕಿ, ಕಾಯ್ದು, ಆಂಟಿಯ ಚಹಾ ಜಾಲರಿಗೆ ಸುರಿದರು. ಉಳಿದದ್ದು ಡಾಂಬರಿನಂಥ ಕಪ್ಪು ಗಡ್ಡೆ.

"ಅದು ನನ್ನ ಚಾ ಜಾಲರಿ ಹೌದಲ್ರಿ?" ಬಾಗಿಲಲ್ಲಿ ಆಂಟಿ.

"ಮುಂಜಾನಿ ತನಾ ಹೌದಿತ್ತು" ಎಂದರು ಅಂಕಲ್.

ಅವರ ಗ್ರೀನ್ ಕಾರ್ಡ್ ಅರ್ಜಿ, ಸಹಿಗೆ ಕಾದಿದ್ದ ಬಾಸಿನ ಮೇಜಿನ ಮೇಲೆಯೇ ಇತ್ತು. ಎಲ್ಲರನ್ನೂ ಆಡಿಕೊಳ್ಳುವ ನನಗೇ ಹೆದರಿಕೆಯಾಯಿತು. "ಸೈನ್ ಮಾಡ್ಬಿಡಿ ಅಂಕಲ್. ಬಾವಿ ಬಂದು ಕಂಪ್ಲೇಂಟ್ ಮಾಡುತ್ತಾ?"

"ಪೆನ್ ಅವರದು. ಕೈ ನಂದು."

ಮದ್ದು ತಿದ್ದಲು ಎರಡು ವಾರ ಬೇಕೆಂದು ಬರೆದುಕೊಟ್ಟರು. ಕಂಪನಿ ಎರಡೇ ವಾರ ಕೊಟ್ಟಿತು, ಮೇಜು ಖಾಲಿ ಮಾಡಲು. ಊರಿಗೆ ಮರಳಲು ಸಾಮಾನು ಕಟ್ಟುವ ದಿನವೂ ಅಂಕಲ್ ತಲೆ ತಗ್ಗಿಸಲಿಲ್ಲ. ತೊಳೆದರೂ ಕಪ್ಪು ಬಿಡದ ಜಾಲರಿಯನ್ನು ನನ್ನ ಕೈಗಿಟ್ಟು, "ಇದರಾಗ ಚಾ ಸೋಸಬ್ಯಾಡ ಮತ್ತ" ಎಂದರು. ಆ ಬಾವಿ ಏನಾಯಿತೋ, ಗೊತ್ತಾಗಲೇ ಇಲ್ಲ...

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಆಂಟಿಯ ಕಾಗದ ಬಂತು. ಅಂಕಲ್ ಹೋಗಿಬಿಟ್ಟಿದ್ದರು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ನನ್ನ ಮುಂದೆ ಒಂದು ಹಾಳೆ ಇಟ್ಟು ಹೋಗಿದ್ದ. ನಮ್ಮ ಕಂಪ್ಯೂಟರ್ ಪ್ರೋಗ್ರಾಂ ಪೂರ್ತಿ ಟೆಸ್ಟ್ ಆಗಿದೆ, ಸಹಿ ಹಾಕು ಎಂದು. ಅರ್ಧವೂ ಆಗಿರಲಿಲ್ಲ. ನನ್ನ ವೀಸಾ ಕೂಡ ಅವನ ಕೈಯಲ್ಲೇ. ಕಾಫಿ ಮೆಷೀನಿನ ಬಳಿಯಿಂದ ನೇರ ಹೋಗಿ ಹಾಳೆಯನ್ನು ಸಹಿ ಹಾಕದೆಯೇ ಹಿಂದಿರುಗಿಸಿದೆ. ಟೆಸ್ಟ್ ಮುಗಿಯದೆ ಹಾಕಲ್ಲ ಎಂದೆ. ಯಾರ ಧಾಟಿಯಲ್ಲೂ ಅಲ್ಲ, ನನ್ನದೇ ಒಡಕು ಧ್ವನಿಯಲ್ಲಿ.

ಚಪ್ಪಾಳೆ ಬೀಳಲಿಲ್ಲ. ಈ ಸಲ ಬಾಟಲಿ ಸರಿಯಾಗಿ ಕುಲುಕಿದೆನೋ ಇಲ್ಲವೋ, ತಿದ್ದಲು ಅಂಕಲ್ ಇಲ್ಲ.